ಜೊತೆಗೆ ಹೋದ ಕಾಗದ

ತೆರಿಗೆ ಅಧಿಕಾರಿ ಕಂದು ಕಾಗದದ ಮಡಿಕೆಗಳನ್ನು ಬಿಡಿಸಿ, ಮೇಜಿನ ಮೇಲೆ ಹರಡಿ, ಅಂಗೈಯಿಂದ ಸವರಿದರು. ಮಗುವಿನ ಅಂಗಿ ಹೊಲಿಯಲು ಕತ್ತರಿಸಿದ ಅಳತೆ: ಎದೆ, ಬೆನ್ನು, ಎರಡು ತೋಳುಗಳು. ಹೊಲಿಗೆ ಕೂಡಬೇಕಾದ ಕಡೆಗಳಲ್ಲೆಲ್ಲ ಅಂಚಿಗೆ ಕತ್ತರಿಯ ಜೋಡಿ ಕಚ್ಚು. ಎದುರು ಕೂತಿದ್ದ ಮಗಳ ಕಣ್ಣು ಅಲ್ಲೇ ನಿಂತಿತು. ದರ್ಜಿಗಳು ಸಾಮಾನ್ಯವಾಗಿ ಹಾಕುವುದು ಒಂದೇ ಕಚ್ಚು. ಎರಡು ಹಾಕುವ ಕೈ ಅವಳಿಗೆ ಗೊತ್ತಿದ್ದುದು ಒಂದೇ. ತಾಯಿಯ ಆ ಕೈ ಈಗ ಪಕ್ಕದ ಕುರ್ಚಿಯಲ್ಲಿ, ಮಡಿಲ ಮೇಲಿನ ಚೀಲವನ್ನು ಹಿಡಿದುಕೊಂಡಿತ್ತು.

"ನಿಮ್ಮ ಅಂಗಡೀಲಿ ನಾವೇ ಒಂದು ಅಂಗಿ ಅಳತೆ ಕೊಂಡ್ವಿ," ಎಂದರು ಅಧಿಕಾರಿ. "ಫೈಲು ಆಗಿಂದಾಗಲೇ ಬಂತು. ಆಮೇಲೆ ಅಂಚೇಲಿ ಇದೂ ಬಂತು. ಏನಮ್ಮ ಇದು?"

ತಾಯಿಯ ಮುಖ ಅರಳಿತು. ಕಳಿಸಿದ್ದು ಮುಕ್ಕಾಗದೆ ತಲುಪಿದೆಯೆಂಬ ಸಂತೋಷ ಅದು. ಬಾಯಿ ತೆರೆಯಲಿದ್ದವಳು ಮಗಳ ಮುಖ ನೋಡಿ ಚೀಲದತ್ತ ಕಣ್ಣಿಳಿಸಿದಳು.

ಅಂಗಡಿಯೆಂದರೆ ಬಾಗಿಲು, ಗಲ್ಲಾಪೆಟ್ಟಿಗೆ ಇರುವಂಥದ್ದಲ್ಲ. ತಾಯಿ ಜೀವಮಾನವಿಡೀ ಕತ್ತರಿಸಿದ ಅಳತೆಗಳನ್ನು ಮಗಳು ಕಂಪ್ಯೂಟರಿನಲ್ಲಿ ಗೆರೆಗೆರೆಯಾಗಿ ಬರೆದು ಫೈಲು ಮಾಡಿ ಮಾರುತ್ತಿದ್ದಳು. ಕೊಂಡವರು ಅದನ್ನು ಇಳಿಸಿಕೊಂಡು ತಾವೇ ಮುದ್ರಿಸಿಕೊಳ್ಳಬೇಕು. ಫೈಲು ಮಾತ್ರ ಹೋದರೆ ತೆರಿಗೆಯಿಲ್ಲ. ಅದರೊಂದಿಗೆ ಕೈಯಲ್ಲಿ ಹಿಡಿಯುವಂಥದ್ದೇನಾದರೂ ಹೋದರೆ ಇಡೀ ಮಾರಾಟಕ್ಕೆ ತೆರಿಗೆ. ಈ ನಿಯಮವನ್ನು ಮಗಳು ಅಕ್ಷರ ಬಿಡದೆ ಓದಿದ್ದಳು. ವಸ್ತುರೂಪದಲ್ಲಿ ಏನನ್ನೂ ಕಳುಹಿಸುವುದಿಲ್ಲವೆಂದು ಸಹಿಯನ್ನೂ ಹಾಕಿದ್ದಳು. ತಾಯಿಗೆ ಮಾತ್ರ ಹೇಳಿರಲಿಲ್ಲ. ಹೇಳಬೇಕೆಂದು ಅವಳಿಗೆ ತೋಚಿಯೂ ಇರಲಿಲ್ಲ.

"ಗಾಳಿ ಮಾರ್ತೀಯಲ್ಲೇ ನೀನು," ಎಂದು ತಾಯಿ ಮೊದಮೊದಲು ಅಂದದ್ದುಂಟು. "ದುಡ್ಡು ಕೊಟ್ಟೋರ ಕೈಗೆ ಏನಾದ್ರೂ ಬೀಳ್ಬೇಡ್ವಾ? ನನ್ನ ಜನ್ಮದಲ್ಲಿ ಯಾರನ್ನೂ ಬರಿಗೈಲಿ ಕಳಿಸ್ಲಿಲ್ಲ." ಮಗಳು ನಕ್ಕು, "ನಿನ್ನ ಕಾಲ ಹೋಯ್ತಮ್ಮ," ಎಂದು ಕೆಲಸಕ್ಕೆ ಹೊರಟುಹೋಗಿದ್ದಳು. ಕಂಪ್ಯೂಟರಿನ ಪರದೆಯಲ್ಲಿ ಕೊಂಡವರ ವಿಳಾಸ ಮೂಡುತ್ತಿತ್ತು. ತಾಯಿಗೆ ಓದಲು ಬರುತ್ತಿತ್ತು, ಮನೆಯಲ್ಲಿ ಕಂದು ಕಾಗದಕ್ಕೂ ಅಂಚೆಚೀಟಿಗೂ ಬರವಿರಲಿಲ್ಲ. 'ಕಾಗದ ಎಷ್ಟು ಅಚ್ಚುಕಟ್ಟು!' ಎಂದು ಕೊಂಡವರು ಬರೆದಾಗಲೆಲ್ಲ, ಅದು ತನ್ನ ಗೆರೆಗಳಿಗೆ ಸಂದ ಹೊಗಳಿಕೆಯೆಂದೇ ಮಗಳು ಬೀಗಿದ್ದಳು.

"ಗೊತ್ತಿದ್ದೂ ಸುಳ್ಳು ಬರೆದುಕೊಟ್ಟಿದ್ರೆ ಅಂಗಡಿ ಮುಚ್ಚಿಸಬೇಕಾಗುತ್ತೆ," ಎಂದರು ಅಧಿಕಾರಿ. "ಇದನ್ನ ಕಳಿಸಿದ್ದು ಯಾರು?"

"ನನಗೆ ಗೊತ್ತಿಲ್ಲ ಮೇಡಂ," ಎಂದಳು ಮಗಳು. ಅಷ್ಟಕ್ಕೇ ನಿಲ್ಲಿಸಿದ್ದರೆ ಅದು ಮುಕ್ಕಾಲು ಸತ್ಯವಾಗಿರುತ್ತಿತ್ತು. ನಾಲಿಗೆ ನಿಲ್ಲಲಿಲ್ಲ. "ಮನೇಲಿ ಕೆಲಸಕ್ಕಿರೋರು ಯಾರೋ ಮಾಡಿರ್ಬೇಕು."

ಅಧಿಕಾರಿಯ ನೋಟ ಪಕ್ಕದ ಕುರ್ಚಿಗೆ ಹೊರಳಿತು. ಮಗಳೊಬ್ಬಳೇ ದೊಡ್ಡ ಕಚೇರಿಗೆ ಹೋಗುವುದು ಬೇಡವೆಂದು, ಹೊಲಿಯುತ್ತಿದ್ದುದನ್ನು ಬಿಟ್ಟು ಉಟ್ಟ ಬಟ್ಟೆಯಲ್ಲೇ ಬಂದಿದ್ದಳು ತಾಯಿ. ತೋಳಿಗೆ ದಾರದ ಎಳೆಗಳು ಅಂಟಿಕೊಂಡಿದ್ದವು. ಯಂತ್ರದ ಎಣ್ಣೆಯ ಕಲೆಯೂ ಇತ್ತು.

"ಇವರು ಯಾರು?"

ಮಗಳ ಬಾಯಿಂದ ಒಂದೇ ಒಂದು ಶಬ್ದ ಬರಬೇಕಿತ್ತು. ಹುಟ್ಟಿದ ಮಗು ಮೊದಲು ಕಲಿಯುವ ಶಬ್ದ. ಅದು ಬರುವುದರೊಳಗೆ ತಾಯಿ ಎದ್ದು ನಿಂತಿದ್ದಳು.

"ನಾನೇ ಮೇಡಂ, ಇವರ ಮನೆ ಕೆಲಸದೋಳು. ನಾನೇ ಕಳಿಸಿದ್ದು. ಅಮ್ಮಾವ್ರಿಗೆ ಏನೂ ಗೊತ್ತಿಲ್ಲ, ಪಾಪ."

ಹೇಳಿ, ಕುರ್ಚಿಯ ಹಿಂದಕ್ಕೆ ಸರಿದು, ಕೈಕಟ್ಟಿ ನಿಂತಳು. ಇಷ್ಟು ವರ್ಷ ಎಲ್ಲೋ ಅಭ್ಯಾಸ ಮಾಡಿದವಳಂತೆ.

"ಬರೆಯೋಕೆ ಬರುತ್ತಾ ನಿನಗೆ?" ಒಳಗೆ ಬಂದಾಗ 'ನೀವೂ ಕೂತ್ಕೊಳ್ಳಿ' ಎಂದಿದ್ದ ಅಧಿಕಾರಿಯ ಬಾಯಿ ಎಷ್ಟು ಸಲೀಸಾಗಿ ಏಕವಚನಕ್ಕೆ ಇಳಿಯಿತೆಂದರೆ, ಮಗಳಿಗೆ ಕೆನ್ನೆಗೆ ಹೊಡೆದಂತಾಯಿತು. ತಾಯಿ ಬಾಗಿ, ನಿಂತೇ, ಹೇಳಿಸಿದ್ದನ್ನು ಬರೆದಳು. ಯಜಮಾನರಿಗೆ ತಿಳಿಯದೆ ಮಾಡಿದ್ದು, ತಪ್ಪು ನನ್ನದು. ಮಗಳು ಅದರ ಕೆಳಗೆ ಯಜಮಾನಿಯಾಗಿ ಸಹಿ ಹಾಕಿದಳು. ಲೇಖನಿ ಎಲ್ಲಿಯೂ ನಿಲ್ಲಲಿಲ್ಲ.

"ಹಿಂದಿನ ಮಾರಾಟಕ್ಕೆ ತೆರಿಗೆ ಕಟ್ಟಿಬಿಡಿ ಸಾಕು, ಅಂಗಡಿ ನಡೀಲಿ," ಎಂದು ಅಧಿಕಾರಿ ಕಾಗದವನ್ನು ಮಡಚಿದರು. ಮಗಳು ಎದ್ದು ಹೊರಟಾಗ ಮೆಲುದನಿಯಲ್ಲಿ, "ಬಯ್ದುಗಿಯ್ದು ಕೆಲಸ ಬಿಡಿಸಿಬಿಡ್ಬೇಡಿ. ಇಂಥ ನಿಯತ್ತಿನ ಆಳು ಈಗೆಲ್ಲಿ ಸಿಗ್ತಾರೆ?" ಎಂದರು.

ಬೀದಿಯ ತಿರುವು ದಾಟುವವರೆಗೂ ತಾಯಿ ಹಿಂದೆ ಹಿಂದೆಯೇ ನಡೆದಳು. ಮಗಳು ನಿಂತರೆ ಅವಳೂ ನಿಲ್ಲುತ್ತಿದ್ದಳು. ಕಚೇರಿಯ ಕಿಟಕಿಗಳು ಮರೆಯಾದ ಮೇಲೆ ಪಕ್ಕಕ್ಕೆ ಬಂದು ಮೊಣಕೈಯಿಂದ ತಿವಿದಳು.

"ಅಮ್ಮಾವ್ರೇ, ಸಂಬಳ ಯಾವಾಗ ಕೊಡ್ತೀರಾ?"

"ಅಮ್ಮಾ, ಬೇಡ."

"ಅಯ್ಯೋ, ನಗೇ. ಅಂಗಡಿ ಉಳೀತಲ್ಲ. ಹೋಗಿದ್ದೇನು ನಂದು, ಗಂಟಾ?" ಎಂದು ತಾಯಿ ತಾನೊಬ್ಬಳೇ ನಕ್ಕಳು. ಆ ನಗು ಬೇಗನೆ ಮುಗಿಯಿತು. ಸ್ವಲ್ಪ ದೂರ ಹೋದ ಮೇಲೆ, "ಕಳಿಸಬಾರದು ಅಂತ ಒಂದು ಮಾತು ಹೇಳಿದ್ರೆ ಕಳಿಸ್ತಿರಲಿಲ್ಲ ಕಣೇ," ಎಂದಳು.

ಮನೆಗೆ ಬಂದು ಕೈಕಾಲು ತೊಳೆಯುವಷ್ಟರಲ್ಲಿ ಕಂಪ್ಯೂಟರು ಟಿಣ್ ಎಂದಿತು. ಯಾರೋ ಒಂದು ಅಂಗಿಯ ಅಳತೆ ಕೊಂಡಿದ್ದರು. ತಾಯಿಯ ಕೈ ರೂಢಿಯಂತೆ ಮೇಜಿನ ಮೇಲಿದ್ದ ಕತ್ತರಿಯತ್ತ ಹೋಯಿತು. ನಡುದಾರಿಯಲ್ಲಿ ತಡೆದು, ಹರಡಿದ್ದ ಬಟ್ಟೆಯ ಚೂರುಗಳನ್ನು ಒಟ್ಟುಮಾಡತೊಡಗಿತು.

ಮಗಳು ಕುರ್ಚಿಯೊಂದನ್ನು ಎಳೆದು ಅವಳ ಪಕ್ಕಕ್ಕಿಟ್ಟಳು. "ಕೂತ್ಕೋ ಅಮ್ಮ."

"ಇರ್ಲಿ ಬಿಡೇ. ಈ ಮೇಜಿನ ಮುಂದೆ ನಿಂತೇ ರೂಢಿ ನನಗೆ."

ಚೂರುಗಳೆಲ್ಲ ಒಂದೆಡೆ ಸೇರಿದವು. ತಾಯಿ ಖಾಲಿ ಮೇಜನ್ನು ಅಂಗೈಯಿಂದ ಸವರುತ್ತಲೇ ಇದ್ದಳು. ಕುರ್ಚಿಯ ಬೆನ್ನಿನ ಮೇಲೆ ಕೈಯಿಟ್ಟುಕೊಂಡು ಮಗಳು ಅದರ ಹಿಂದೆ ನಿಂತೇ ಇದ್ದಳು.