ನಾಲ್ಕು ಗಂಟೆಯ ಬಾಟಲಿ

ಮಹಾನಗರದ ಸಯನ್‌ನ ಒಂದು ಚಾಳಿನಲ್ಲಿ ನಳಕ್ಕೆ ನೀರು ಬರುವುದು ಬೆಳಗಿನ ನಾಲ್ಕಕ್ಕೆ. ನಲವತ್ತು ಖೋಲಿಗಳ ಸಂಸಾರಗಳಿಗೆ ನಾಲ್ಕೇ ಸಂಡಾಸು. ಐದರ ಮೇಲೆ ಹೋದವರು ನೀರಿನ ಡಬ್ಬಾ ಹಿಡಿದು ಸಾಲಿನಲ್ಲಿ ನಿಲ್ಲಬೇಕು, ಒಳಗಿದ್ದರೆ ಬಾಗಿಲು ಬಡಿಸಿಕೊಳ್ಳಬೇಕು. ಇಂಥ ಅವಸರದಲ್ಲೂ ಚಂದ್ರಾಮ ಒಂದು ದಿನ ತಿರುಗಿ ನೋಡಿದ. ಮಲದಲ್ಲಿ ರಕ್ತವಿತ್ತು.

ಎಂಟು ತಿಂಗಳು ಅವನು ಅದನ್ನು ಉಷ್ಣ ಎಂದ, ಮೂಲವ್ಯಾಧಿ ಎಂದ, ಮಜ್ಜಿಗೆ ಕುಡಿದ. ಹೆಂಡತಿ ಲಕ್ಷ್ಮವ್ವನಿಗೂ ಹೇಳಲಿಲ್ಲ. ವಿಕ್ರೋಳಿಯ ಕಾರ್ಖಾನೆಯಲ್ಲಿ ಕೆಲಸದ ನಡುವೆ ಕುಸಿದು ಬಿದ್ದ ಮೇಲೆಯೇ ಆಸ್ಪತ್ರೆ ಸೇರಿದ್ದು. ದೊಡ್ಡ ಕರುಳಿನ ಕ್ಯಾನ್ಸರ್. ಆಪರೇಷನ್ ಆಯಿತು. ಈಗ ಪ್ರತಿ ಶುಕ್ರವಾರ ಇಂಜೆಕ್ಷನ್.

ಅಲ್ಲಿಯ ಲ್ಯಾಬಿನ ರಮಾಮಣಿಯವರು ಮೈಸೂರಿನ ಕಡೆಯವರು. ಕನ್ನಡ ಕೇಳಿದರೆ ಕೆಲಸ ಬಿಟ್ಟು ಮಾತಿಗೆ ನಿಲ್ಲುವವರು. ಒಂದು ಶುಕ್ರವಾರ ಅವರು ಲಕ್ಷ್ಮವ್ವನ ಕೈಗೆ ಆರು ಬಾಟಲಿ ಕೊಟ್ಟರು. ಒಂದು ಹಗಲು, ಒಂದು ರಾತ್ರಿ, ನಾಲ್ಕು ನಾಲ್ಕು ತಾಸಿನ ಮೂತ್ರವನ್ನು ಬೇರೆ ಬೇರೆ ಹಿಡಿದು ತರಬೇಕು. ಪ್ರತಿ ಬಾಟಲಿಗೂ ವೇಳೆಯ ಚೀಟಿ. ಇದೊಂದು ಅಧ್ಯಯನ, ಮನಸ್ಸಿದ್ದರೆ ಮಾತ್ರ ಕೊಡಿ, ಇಂಜೆಕ್ಷನ್‌ಗೂ ಇದಕ್ಕೂ ಸಂಬಂಧವಿಲ್ಲ ಎಂದೂ ಹೇಳಿದರು. ಲಕ್ಷ್ಮವ್ವ ತಲೆಯಾಡಿಸಿದಳು, ನಂಬಲಿಲ್ಲ. ಈ ಊರಿನಲ್ಲಿ ಸುಮ್ಮನೆ ಯಾರು ಏನು ಕೊಡುತ್ತಾರೆ? ಬಾಟಲಿ ತಪ್ಪಿದರೆ ಇಂಜೆಕ್ಷನ್ನೂ ತಪ್ಪೀತು ಎಂದೇ ಅವಳ ಲೆಕ್ಕ.

ಖೋಲಿಯೊಳಗಿನ ಬಚ್ಚಲು ಮೋರಿಯ ಮೂಲೆಯಲ್ಲಿ, ತಂಪಿರಲೆಂದು ಒದ್ದೆ ಗೋಣಿಯಡಿ ಬಾಟಲಿಗಳನ್ನು ಸಾಲಾಗಿ ಇಟ್ಟಳು. ಪಕ್ಕದ ಖೋಲಿಯ ಶೀಲಾವತಿ ಇಣುಕಿ ನೋಡಿ, "ನಾ ಉಪ್ಪಿನಕಾಯಿನೂ ಇಷ್ಟು ಜ್ವಾಕಿ ಮಾಡಂಗಿಲ್ಲವ್ವಾ" ಎಂದಳು.

ಐದು ಬಾಟಲಿ ಸರಿಯಾಗಿ ತುಂಬಿದವು. ತಪ್ಪಿದ್ದು ಹನ್ನೆರಡರಿಂದ ನಾಲ್ಕರದು. ನಳದ ಸದ್ದಿಗೆ ಎದ್ದ ಚಂದ್ರಾಮ, ಹಳೆಯ ರೂಢಿಯಂತೆ ನಿದ್ದೆಗಣ್ಣಿನಲ್ಲೇ ಡಬ್ಬಾ ಹಿಡಿದು ಸಂಡಾಸಿಗೆ ಹೋಗಿಬಂದ. ಬಾಟಲಿ ಖಾಲಿ ಉಳಿಯಿತು. ಲಕ್ಷ್ಮವ್ವನಿಗೆ ಶುಕ್ರವಾರದ ಇಂಜೆಕ್ಷನ್ ನೆನಪಾಯಿತು. ಯಾರಿಗೂ ಹೇಳದೆ ಅದರಲ್ಲಿ ತನ್ನದನ್ನು ಹಿಡಿದು ಬಿರಡೆ ಬಿಗಿದಳು.

ಮೂರು ವಾರದ ಮೇಲೆ ರಮಾಮಣಿಯವರು ಗಂಡ ಹೆಂಡತಿಯನ್ನು ಕೂರಿಸಿ ಒಂದು ಚೌಕಳಿ ಕಾಗದ ತೋರಿಸಿದರು. ಬಾಟಲಿಗೊಂದರಂತೆ ಐದು ಚುಕ್ಕಿ ಕೆಳಗೆ, ಒಂದು ಚುಕ್ಕಿ ಎಲ್ಲೋ ಮೇಲೆ.

"ಕತ್ತಲಾದ್ಮೇಲೆ ಮೆದುಳು ಒಂದು ರಸ ಬಿಡುತ್ತೆ. ಅದರ ಗುರುತು ಮೂತ್ರದಲ್ಲಿ ಸಿಗುತ್ತೆ. ರಾತ್ರಿ ಜಾಸ್ತಿ, ಹಗಲು ಕಮ್ಮಿ. ಮೈಯೊಳಗಿನ ಗಡಿಯಾರ ಅಂದ್ಕೊಳ್ಳಿ. ಕೆಲವು ಕ್ಯಾನ್ಸರ್ ರೋಗಿಗಳಲ್ಲಿ ಈ ಏರಿಳಿತ ಕುಗ್ಗಿರುತ್ತೆ. ಯಾಕೆ ಅಂತ ಹುಡುಕ್ತಾ ಇದ್ದೀವಿ. ನಿಮ್ಮದು ನೋಡಿ ಚಂದ್ರಾಮ, ನಾಲ್ಕು ಗಂಟೆಯದು ಆರೋಗ್ಯವಂತರ ಥರಾನೇ ಇದೆ."

ಚಂದ್ರಾಮ ಎಷ್ಟೋ ತಿಂಗಳ ಮೇಲೆ ನಕ್ಕ. ಹನ್ನೊಂದು ವರ್ಷ ವಾರ ಬಿಟ್ಟು ವಾರ ರಾತ್ರಿಪಾಳಿ ಮಾಡಿದ ಮೈಯೊಳಗೂ ಗಡಿಯಾರ ನಿಂತಿಲ್ಲವಲ್ಲ ಎಂದು ಕಾಗದವನ್ನು ಬೆಳಕಿಗೆ ಹಿಡಿದ.

ಲಕ್ಷ್ಮವ್ವ ಆ ಚುಕ್ಕಿಯನ್ನೇ ನೋಡುತ್ತಿದ್ದಳು. ಅವಳು ಎಂದೂ ಕೈಗೆ ಗಡಿಯಾರ ಕಟ್ಟಿದವಳಲ್ಲ. ಅವಳ ಹೊತ್ತೆಂದರೆ ನಳದ ಸದ್ದು, ಲೋಕಲ್ ರೈಲಿನ ಸದ್ದು. ಆದರೆ ಅವಳು ಮೈಮರೆತು ಮಲಗಿದ್ದಾಗ ಒಳಗೆ ಯಾರೋ ಎಚ್ಚರವಿದ್ದು ಕತ್ತಲನ್ನು ಅಳೆದು, ಬೆಳಗಾಗುವ ಮುನ್ನ ಗುರುತು ಕಳಿಸಿದ್ದರು. ಇಷ್ಟು ವರ್ಷ, ಪ್ರತಿ ರಾತ್ರಿ. ಅವಳ ಮೈ ಜುಮ್ಮೆಂದಿತು. ಗಂಡ ಇನ್ನೂ ನಗುತ್ತಿದ್ದ. ಸುಮ್ಮನಿದ್ದರೆ ಆ ನಗು ಉಳಿಯುತ್ತದೆ. ಆದರೆ ಅವನ ಮೈ ಏನು ಹೇಳುತ್ತಿದೆ ಎಂದು ಯಾರಿಗೂ ತಿಳಿಯುವುದಿಲ್ಲ.

"ಅಕ್ಕಾರ, ಆ ಚುಕ್ಕಿ ಇವರದಲ್ಲ. ನಂದು."

ನಡೆದದ್ದನ್ನೆಲ್ಲ ಹೇಳಿ, ಇಂಜೆಕ್ಷನ್ ನಿಲ್ಲಿಸುತ್ತೀರೇನು ಎಂದು ಕೇಳಿದಳು.

ರಮಾಮಣಿಯವರು ಪೆನ್ನು ತೆಗೆದು ತಮ್ಮ ವಹಿಯಲ್ಲಿ ನಾಲ್ಕು ಗಂಟೆಯ ಅಂಕಿಯನ್ನು ಹೊಡೆದುಹಾಕಿದರು. "ಶುಕ್ರವಾರ ತಪ್ಪದೆ ಬನ್ನಿ. ಅದನ್ನ ಯಾರೂ ನಿಲ್ಲಿಸಲ್ಲ. ಆದ್ರೆ ಲಕ್ಷ್ಮವ್ವ, ಖಾಲಿ ಬಾಟಲಿ ತಂದಿದ್ರೆ ಖಾಲಿ ಅಂತ ಬರ್ಕೊಳ್ತಿದ್ವಿ. ತುಂಬಿಸಿ ತಂದ್ರಿ, ಸುಳ್ಳು ಬರ್ಕೊಂಡ್ವಿ."

ಚಂದ್ರಾಮ ಕಾಗದವನ್ನು ಮೆಲ್ಲಗೆ ಮೇಜಿನ ಮೇಲಿಟ್ಟ. "ನನ್ನ ಪರೀಕ್ಷಾ ಬರ್ದು ನೀ ಪಾಸಾದಿ ನೋಡು" ಎಂದ. ಮತ್ತೆ ಬಾಟಲಿ ಕೊಡಿ ಎಂದು ತಾನೇ ಕೇಳಿದ.

ಈ ಸಲ ಲಕ್ಷ್ಮವ್ವ ನಾಲ್ಕು ಗಂಟೆಯ ಬಾಟಲಿಯನ್ನು ಸಂಡಾಸಿನ ಡಬ್ಬಾದೊಳಗೇ ಇಟ್ಟಳು. ಬಾಟಲಿ ಮುಟ್ಟದೆ ಡಬ್ಬಾ ಎತ್ತುವಂತಿರಲಿಲ್ಲ.

ಹೊಸ ಕಾಗದದಲ್ಲಿ ಚುಕ್ಕಿಗಳೆಲ್ಲ ಕೆಳಗೇ ಇದ್ದವು. ನಾಲ್ಕು ಗಂಟೆಯದು ಮಾತ್ರ ಒಂದು ಕೂದಲೆಳೆ ಮೇಲಿತ್ತು.

"ಇಷ್ಟೇ ಏನ್ರಿ?" ಚಂದ್ರಾಮ ಕೇಳಿದ.

"ಇಷ್ಟೇ. ಆದ್ರೆ ಇದು ನಿಮ್ಮದು."

ಚಂದ್ರಾಮ ಆ ಚುಕ್ಕಿಯ ಮೇಲೆ ಬೆರಳಿಟ್ಟ. ಲಕ್ಷ್ಮವ್ವ ಅವನ ಬೆರಳಿನ ಪಕ್ಕ ತನ್ನ ಬೆರಳಿಟ್ಟಳು.

ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಮೈ ಹಗಲೂ ರಾತ್ರಿ ಸಮಾಚಾರ ಕಳಿಸುತ್ತಲೇ ಇರುತ್ತದೆ. ಮಲದಲ್ಲಿ ರಕ್ತ ಕಂಡರೆ, ಹೊಟ್ಟೆಯ ರೂಢಿ ವಾರಗಟ್ಟಲೆ ಬದಲಾಗಿದ್ದರೆ, ಕಾರಣವಿಲ್ಲದೆ ತೂಕ ಇಳಿದರೆ ಉಷ್ಣವೆಂದು ಕೂರಬೇಡಿ. ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗಿ. ಅದು ಮೂಲವ್ಯಾಧಿಯೋ ಬೇರೆಯೋ ಎಂದು ಡಾಕ್ಟರು ನೋಡಿ ಹೇಳಲಿ. ಪರೀಕ್ಷೆಗೆ ಬಾಟಲಿ ಕೊಟ್ಟರೆ ಹೇಳಿದ ಹೊತ್ತಿಗೆ ನಿಮ್ಮದನ್ನೇ ಹಿಡಿದು ಕೊಡಿ. ಹೊತ್ತು ತಪ್ಪಿದರೆ ತಪ್ಪಿತು ಎಂದು ಹೇಳಿ. ಅದಕ್ಕೆ ನಾಚಿಕೆ ಬೇಡ. ಚಂದ್ರಾಮ ಕಳೆದುಕೊಂಡದ್ದು ಎಂಟು ತಿಂಗಳು. ನೀವು ನಾಳೆ ಬೆಳಿಗ್ಗೆ ಬಾಗಿಲು ಯಾರೇ ಬಡಿಯಲಿ, ಒಮ್ಮೆ ತಿರುಗಿ ನೋಡಿ.