ಸಿಳ್ಳೆಯ ಕುರ್ಚಿ

ಅವನನ್ನು ಎಲ್ಲರೂ ಕರೆಯುತ್ತಿದ್ದದ್ದೇ ಸಿಳ್ಳೆ ಅಂತ. ಕೈಗೆ ಕತ್ತರಿ ಬಂದರೆ ತುಟಿ ಸುಮ್ಮನಿರದು. ರಾಗವೇನೋ ಒಂದು ದಿನವೂ ಹಳಿಗೆ ಬಂದದ್ದಿಲ್ಲ. ದೂರದ ಪಟ್ಟಣದಲ್ಲಿ ಇದೇ ಕ್ಷೌರಕ್ಕೆ ಮೂರು ಪಟ್ಟು ಸಂಬಳ ಅಂತ ಕಿವಿಗೆ ಬಿದ್ದದ್ದೇ ತಡ, ತಾಯಿಯಿಲ್ಲದ ಮಗಳನ್ನು ಅಣ್ಣನ ಮನೆಯಲ್ಲಿ ಬಿಟ್ಟು ಹೊರಟ. ಅಲ್ಲೊಂದು ಕೋಣೆ ಹಿಡಿದು ಅವಳನ್ನು ಕರೆದೊಯ್ಯಬೇಕು, ಅಷ್ಟೇ ಆಸೆ.

ಅವನು ಇಷ್ಟು ದಿನ ದುಡಿದ ಅಣ್ಣನ ಅಂಗಡಿಯಲ್ಲಿ ಕುರ್ಚಿ ಖಾಲಿ ಬಿಡುವ ಹಾಗಿಲ್ಲ. ಇನ್ನೂ ಬಡ ಸೀಮೆಯಿಂದ ಒಬ್ಬ ಬಂದ, ಅಣ್ಣನ ಮನೆಯಲ್ಲೇ ಉಳಿದುಕೊಂಡ. ಸಿಳ್ಳೆಗೆ ಸಾಲದೇ ಹೋದ ಸಂಬಳವೇ ಅವನಿಗೆ ಸ್ವರ್ಗ. ಹಳೇ ಗಿರಾಕಿಗಳು ಕೈತಪ್ಪಬಾರದಲ್ಲ, ಸಿಳ್ಳೆ ಫೋನಿನಲ್ಲೇ ಎಲ್ಲ ಕಲಿಸಿದ: ಯಾರ ಮೀಸೆ ಮುಟ್ಟಬಾರದು, ಯಾರ ಮಂಡಿನೋವು ವಿಚಾರಿಸಬೇಕು, ಕೊನೆಗೆ ಆ ಸಿಳ್ಳೆಯನ್ನೂ. ಹೊಸಬ ಭಾರಿ ಚುರುಕು, ಅಪಸ್ವರ ಸಮೇತ ಎತ್ತಿಕೊಂಡ.

ಬರಬರುತ್ತ ಹೊಸಬನ ಪ್ರಶ್ನೆಗಳು ಅಂಗಡಿ ದಾಟಿ ಮನೆಯೊಳಗೆ ಬಂದವು.

"ಪಾಪು ಹೆದರ್ಕೊಂಡು ಎದ್ರೆ ಏನಂತ ಸಮಾಧಾನ ಮಾಡ್ತಿದ್ರಿ? ಜಡೆ ಹಾಕುವಾಗ ಯಾವ ಕಥೆ ಹೇಳ್ತಿದ್ರಿ?"

ಮಗಳ ಮಾತು ಬಂದರೆ ಈ ಪುಣ್ಯಾತ್ಮನಿಗೆ ಮೈಮೇಲೆ ಎಚ್ಚರವಿಲ್ಲ, ಬಾಯಿತುಂಬ ಹೇಳಿದ. ಆಮೇಲೆ ಫೋನು ಬರುವುದೇ ನಿಂತುಹೋಯಿತು. ಇವನು ಮಾಡಿದರೆ ಯಾರೂ ಎತ್ತಲಿಲ್ಲ.

ಕೋಣೆ ಸಿಕ್ಕ ಕೂಡಲೇ ಮಗಳನ್ನು ಕರೆದೊಯ್ಯಲು ಬಂದ. ಅಂಗಡಿ ಇನ್ನೂ ಅಷ್ಟು ದೂರವಿರುವಾಗಲೇ ತನ್ನದೇ ಸಿಳ್ಳೆ ಕೇಳಿಸಿತು. ಬಿರಬಿರನೆ ನಡೆದು ಬಾಗಿಲಿಗೆ ಬಂದ.

"ಬನ್ನಿ ಸಾರ್, ಕೂತ್ಕೊಳ್ಳಿ," ಅಂದ ಅಣ್ಣ.

"ಅಣ್ಣಾ, ನಾನು ಕಣೋ! ಸಿಳ್ಳೆ!"

ಕಾಯುತ್ತಿದ್ದ ಹಳೇ ಗಿರಾಕಿಗಳು ಗೊಳ್ಳೆಂದು ನಕ್ಕರು. ಅಣ್ಣ ಮಾತ್ರ ನಗಲಿಲ್ಲ. ಅವನ ಕಣ್ಣಲ್ಲಿ ತಮಾಷೆಯೂ ಇರಲಿಲ್ಲ, ಗುರುತೂ ಇರಲಿಲ್ಲ.

"ಸಿಳ್ಳೆ ಅಲ್ಲಿದ್ದಾನಲ್ಲ ಸಾರ್. ಅವನ ಕೈಯಲ್ಲೇ ಆಗ್ಬೇಕು ಅಂದ್ರೆ ಸ್ವಲ್ಪ ಕಾಯ್ಬೇಕಾಗುತ್ತೆ."

ಕುರ್ಚಿಯ ಹಿಂದೆ ನಿಂತವನು ತಿರುಗಿಯೂ ನೋಡಲಿಲ್ಲ.

ಇವನು ಎದ್ದುಬಿದ್ದು ಅಂಗಡಿಯ ಹಿಂದಿದ್ದ ಅಣ್ಣನ ಮನೆಗೆ ಓಡಿದ. ಮಗಳು ಒಬ್ಬಳೇ ತಟ್ಟೆ ಇಡುತ್ತಿದ್ದಳು. ಎಷ್ಟು ಎತ್ತರ ಬೆಳೆದಿದ್ದಾಳೆ! ಅಲ್ಲೇ ಚಾಪೆಯ ಮೇಲೆ ಕೂತ.

"ಪುಟ್ಟೀ, ಕೋಣೆ ಮಾಡಿದೀನಮ್ಮ. ಹೊರಡೋಣ್ವಾ?"

ಅವಳು ಹೆದರಲಿಲ್ಲ. ಮನೆಗೆ ಬಂದವರ ಹತ್ತಿರ ಹೇಗೆ ಮಾತಾಡಬೇಕೆಂದು ಯಾರೋ ಚೆನ್ನಾಗಿ ಕಲಿಸಿದ್ದರು.

"ಅಪ್ಪ ಈಗ ಊಟಕ್ಕೆ ಬರ್ತಾರೆ, ಅವರನ್ನೇ ಕೇಳಿ. ನೀವು ಸ್ವಲ್ಪ ಆ ಕಡೆ ಕೂತ್ಕೊಳ್ತೀರಾ? ಅದು ಅಪ್ಪ ಕೂರೋ ಜಾಗ."

ಅವನು ಸರಿದು ಕೂತ.