ಅತ್ತೆ, ಅಂದಳು ನಮಿತಾ

ಮುಂಬಯಿಯ ವಡಾಲದ ಒಂದು ಕಾಲೊನಿಯ ನೆಲಮಹಡಿಯಲ್ಲಿ ರಾಚವ್ವನ ಬ್ಯೂಟಿ ಪಾರ್ಲರು. ವಿಜಯಪುರದ ಕಡೆಯಿಂದ ಗಂಡನ ಬೆನ್ನು ಹಿಡಿದು ಬಂದು ಇಪ್ಪತ್ತೆರಡು ವರ್ಷ. ಬೆಳಿಗ್ಗೆ ಯಾವ ಬೆರಳಿನಿಂದ ಹಣೆಗೆ ವಿಭೂತಿ ಎಳೆದುಕೊಳ್ಳುವಳೋ, ದಿನವಿಡೀ ಅದೇ ಬೆರಳಿನಿಂದ ಹೆಣ್ಣುಮಕ್ಕಳ ಮುಖಕ್ಕೆ ಬಣ್ಣ. ಕೈ ಶಿವನದು, ಡಬ್ಬಿಯಷ್ಟೇ ನನ್ನದು ಎಂದುಕೊಂಡೇ ಮುಚ್ಚಳ ತೆಗೆಯುವವಳು.

ಪ್ರಫುಲ್ಲಾ ತನ್ನ ಮಗಳು ನಮಿತಾಳನ್ನು ಮೊದಲ ಸಲ ಕರೆತಂದದ್ದು ಬಾಂದ್ರಾದ ಗಂಡಿನ ಮನೆಯವರು ನೋಡಲು ಬರುವ ದಿನ. ಪ್ರಫುಲ್ಲಾಳ ಮನೆಯವರು ಉಡುಪಿ ಕಡೆಯವರು; ಗ್ರಾಂಟ್ ರೋಡಿನಲ್ಲಿ ಹೋಟೆಲು. ಹುಡುಗಿ ಮಾತ್ರ ಮುಂಬಯಿಯಲ್ಲೇ ಹುಟ್ಟಿ ಬೆಳೆದವಳು, ಅವಳ ಕನ್ನಡ ಎರಡು ಮಾತಿಗೊಮ್ಮೆ ಎಡವುತ್ತಿತ್ತು. ಎರಡೂ ಕಣ್ಣ ಕೆಳಗೆ ನೀರು ತುಂಬಿದಂತೆ ಬಾವು.

"ಯಾಕ ತಂಗಿ, ಕಣ್ಣ ಹಿಂಗ್ಯಾಕ ಊದ್ಯಾವ?" ಎಂದಳು ರಾಚವ್ವ.

ನಮಿತಾ ಬಾವು ಮುಟ್ಟಿಕೊಂಡು, "ಅತ್ತೆ..." ಎಂದಳು.

"ಹೂಂ, ಅತ್ತದ್ದು ಮಾರಾಯ್ತಿ!" ಪ್ರಫುಲ್ಲಾ ಮಾತನ್ನು ಅಲ್ಲಿಂದಲೇ ಎತ್ತಿಕೊಂಡಳು. "ಹುಡುಗ ಇನ್ನೂ ನೋಡ್ಲಿಕ್ಕೇ ಬರ್ಲಿಲ್ಲ, ಇವಳದ್ದು ತವರು ಬಿಡುವ ಅಳು ಈಗಲೇ ಶುರು."

ರಾಚವ್ವ ನಕ್ಕಳು. ಹುಡುಗಿ ನಗಲಿಲ್ಲ.

ಬಾವು ಮುಚ್ಚುವುದು ಕಪ್ಪು ಮುಚ್ಚಿದಷ್ಟು ಸುಲಭವಲ್ಲ. ಕಲೆ ಮರೆಸುವ ಕನ್ಸೀಲರ್ ತಿಳಿಬಣ್ಣದ್ದಾದರೆ ಉಬ್ಬಿದ್ದು ಇನ್ನೂ ಉಬ್ಬಿ ಕಾಣುತ್ತದೆ. ಆದ್ದರಿಂದ ರಾಚವ್ವ ಮೈಬಣ್ಣಕ್ಕೆ ಸರಿಹೊಂದುವ ಶೇಡು ಹುಡುಕಿದಳು. ತಣ್ಣನೆ ಚಮಚೆ ಒತ್ತಿ ಬಾವು ತುಸು ಇಳಿಸಿ, ಉಬ್ಬಿಗೆ ಹಚ್ಚದೆ, ಅದರ ಬುಡದ ನೆರಳಗೆರೆಗೆ ಮಾತ್ರ ಉಂಗುರ ಬೆರಳಿನಿಂದ ತಟ್ಟಿ ಕೂರಿಸಿದಳು. ಉಜ್ಜಬಾರದು, ತಟ್ಟಬೇಕು. ಕನ್ನಡಿಯಲ್ಲಿ ಬಾವು ಮಾಯ. ಹುಡುಗ ಒಪ್ಪಿದ.

ಹತ್ತು ದಿನದ ಮೇಲೆ ಫೋಟೋ ತೆಗೆಸುವುದಿತ್ತು. ಅದೇ ಡಬ್ಬಿ, ಅದೇ ಶೇಡು. ಹಚ್ಚಿದರೆ ಕೆನ್ನೆಯ ಮೇಲೆ ಮಣ್ಣು ಮೆತ್ತಿದ ಹಾಗೆ ಕಂಡಿತು. ಡಬ್ಬಿ ಕೆಟ್ಟಿತೇ ಎಂದು ರಾಚವ್ವ ತನ್ನ ಕೈಗೆ ಹಚ್ಚಿ ನೋಡಿದಳು. ಡಬ್ಬಿ ಸರಿಯಿತ್ತು. ಬಣ್ಣ ಬಿಳಿಚಿದ್ದು ಹುಡುಗಿಯದು. ಒಂದು ಶೇಡು ತಿಳಿಯಾದದ್ದನ್ನು ತೆಗೆಯಬೇಕಾಯಿತು.

"ಅಕ್ಕಾರ, ಒಮ್ಮೆ ಡಾಕ್ಟರಿಗೆ ತೋರಸ್ರಿ. ಅತ್ತಿದ್ದು ಇಷ್ಟು ದಿನ ನಿಲ್ಲಂಗಿಲ್ಲ."

"ನಿಶ್ಚಿತಾರ್ಥ ಒಂದು ಮುಗೀಲಿ. ಈಗ ಡಾಕ್ಟರ್ ಗೀಕ್ಟರ್ ಅಂದ್ರೆ ಬಾಂದ್ರಾದವರ ಕಿವಿಗೆ ಬೀಳ್ತದೆ. ನೀವು ಹಚ್ಚಿ, ಅಷ್ಟು ಸಾಕು."

ಅಂದು ಸಂಜೆ ಲಿಂಗಪೂಜೆಗೆ ಕೂತರೂ ರಾಚವ್ವನ ಮನಸ್ಸು ನಿಲ್ಲಲಿಲ್ಲ. ಮುಚ್ಚಿದ ಕಣ್ಣೊಳಗೆ ಆ ಬಿಳಿಚಿದ ಮುಖ.

ನಿಶ್ಚಿತಾರ್ಥದ ಬೆಳಿಗ್ಗೆ ನಮಿತಾ ಸೀರೆ ಉಟ್ಟು ಬಂದು ಕೂತಾಗ ಕಣ್ಣು ಅರ್ಧವೇ ತೆರೆದಿದ್ದವು. ಈ ಸಲ ಇನ್ನೂ ತಿಳಿ ಶೇಡು. ಪ್ರಫುಲ್ಲಾ ನಿಶ್ಚಿತಾರ್ಥದ ಹಾಲಿಗೆ ಫೋನು ಮಾಡಲು ಹೊರಗೆ ಹೋಗಿದ್ದಳು. ರಾಚವ್ವ ಬೆರಳಿನಿಂದ ತಟ್ಟಿದಳು. ತಟ್ಟಿದ ಕಡೆ ಕುಳಿ ಬಿತ್ತು. ಬೆರಳು ತೆಗೆದಳು. ಕುಳಿ ಹಾಗೇ ಇತ್ತು.

ಬಗ್ಗಿ ಹುಡುಗಿಯ ಕಾಲು ನೋಡಿದಳು. ಗೆಜ್ಜೆಯ ಸರಪಳಿ ಮಾಂಸದೊಳಗೆ ಹೂತಿತ್ತು.

"ಇವತ್ತೂ ಅತ್ತೀಯೇನವ್ವಾ?"

"ನಾನು ಅಳಲೇ ಇಲ್ಲ ಆಂಟಿ. ಅವತ್ತೇ ಹೇಳಿದೆ ನಾ, ಅತ್ತೆ. ಪಪ್ಪನ ಸಿಸ್ಟರ್. ಹರಿಣಿ ಅತ್ತೆ. ಅವರ ಐಸ್ ಸೇಮ್ ಹೀಗೇ."

ರಾಚವ್ವನ ಊರಿನಲ್ಲಿ ಅಪ್ಪನ ತಂಗಿ 'ಅತ್ತಿ'. 'ಅತ್ತೆ' ಎಂದರೆ ಅವಳ ಕಿವಿಗೆ 'ನಾನು ಅತ್ತೆ' ಎನ್ನುವ ಪುಸ್ತಕದ ಕನ್ನಡದ ಅಳು, ಅಷ್ಟೇ. ಒಂದು ಅಕ್ಷರದ ಗುಣಿತದಲ್ಲಿ ಇಪ್ಪತ್ತು ದಿನ ಕಳೆದುಹೋಗಿದ್ದವು. ತಾಯಿಯ ಕಿವಿಗೆ ಮಾತ್ರ ಅದು ಮೊದಲೇ ಸರಿಯಾಗಿ ಬಿದ್ದಿತ್ತು; ಬೇಕೆಂದೇ ಅದನ್ನು ಅಳುವಿಗೆ ತಿರುಗಿಸಿದ್ದಳು.

"ನಿಮ್ಮತ್ತಿ ಈಗ ಎಲ್ಲದಾರ?"

"ಫೋಟೋದಲ್ಲಿ. ಹಾರ ಹಾಕಿದ್ದಾರೆ. ಕಿಡ್ನಿ ಅಂತೆ. ಮನೇಲಿ ಆ ಮಾತೇ ತೆಗೀಬಾರದು, ಮಮ್ಮಿ ಬಯ್ತಾಳೆ."

ರಾಚವ್ವ ಹತ್ತಿ ನೆನೆಸಿ ಹಚ್ಚಿದ್ದನ್ನೆಲ್ಲ ಒರೆಸಿದಳು. ಪ್ರಫುಲ್ಲಾ ಒಳಗೆ ಬಂದವಳೇ ಬಾಗಿಲಲ್ಲೇ ನಿಂತಳು.

"ಎಂತ ಇದು? ಬಾಂದ್ರಾದವರು ಹಾಲಿಗೆ ಬಂದಾಯ್ತು!"

"ಇನ್ನ ಈ ಕೈಲೆ ಆಗಂಗಿಲ್ರಿ ಅಕ್ಕಾರ. ನಾ ಮುಚ್ಚಿದಷ್ಟೂ ಒಳಗಿಂದು ಬೆಳೀಲಿಕ್ಕತ್ತೈತಿ."

"ನಿಮಗೆ ಆಗದಿದ್ರೆ ಬೇಡ. ನಾನೇ ಹಚ್ತೇನೆ."

ಪ್ರಫುಲ್ಲಾ ಕೈಗೆ ಸಿಕ್ಕ ಡಬ್ಬಿ ತೆಗೆದಳು. ಎಲ್ಲಕ್ಕಿಂತ ತಿಳಿ ಶೇಡು. ನೆರಳು ಯಾವುದು, ಉಬ್ಬು ಯಾವುದು ಎಂದು ನೋಡದೆ ಎರಡೂ ಕಣ್ಣ ಕೆಳಗೆ ದಪ್ಪಗೆ ಬಳಿದಳು. ರಾಚವ್ವ ಅಡ್ಡ ಬರಲಿಲ್ಲ. ಕನ್ನಡಿಯ ಸುತ್ತಲಿನ ಬಲ್ಬುಗಳನ್ನೆಲ್ಲ ಹಾಕಿದಳು.

ಬೆಳಕಿನಲ್ಲಿ ಆ ಎರಡು ಬಾವು ಮುಖ ಬಿಟ್ಟು ಮುಂದೆ ಬಂದವು. ಬೆಳ್ಳಗೆ, ನುಣ್ಣಗೆ, ಜೀವವಿಲ್ಲದ ಹೊಳಪು. ಪ್ರಫುಲ್ಲಾಳ ಬೆರಳು ಅಲ್ಲೇ ನಿಂತಿತು. ಕನ್ನಡಿಯೊಳಗೆ ಕೂತವಳನ್ನು ಅವಳು ಹಿಂದೆ ನೋಡಿದ್ದಳು, ಆಸ್ಪತ್ರೆಯ ಮಂಚದ ಮೇಲೆ.

"ಹರಿಣಿ," ಎಂದಳು ಮೆಲ್ಲಗೆ.

"ಮಮ್ಮೀ, ಅತ್ತೆಗೆ ಆಗ ಎಷ್ಟು ವರ್ಷ?"

ಪ್ರಫುಲ್ಲಾಳ ತುಟಿ ಲೆಕ್ಕ ಹಾಕುವಂತೆ ಅಲುಗಿತು. ನಮಿತಾಳಿಗೆ ಮುಂದಿನ ತಿಂಗಳು ಇಪ್ಪತ್ತಾರು ತುಂಬುವುದಿತ್ತು. ಹರಿಣಿಗೂ ಆಗ ಅಷ್ಟೇ ಎಂದು ತಾಯಿ ಎಣಿಸುತ್ತಿರುವುದು ರಾಚವ್ವನಿಗೆ ಆ ತುಟಿ ನೋಡಿಯೇ ತಿಳಿಯಿತು. ಪರ್ಸಿನಲ್ಲಿ ಫೋನು ಬಡಿದುಕೊಂಡು ತಾನಾಗಿ ಸುಮ್ಮನಾಯಿತು.

ರಾಚವ್ವ ಹೊರಗೆ ಹೋಗಿ ಟ್ಯಾಕ್ಸಿ ನಿಲ್ಲಿಸಿದಳು. ತಾಯಿ ಮಗಳನ್ನು ತೋಳು ಹಿಡಿದು ಕೂರಿಸಿ, ಮೊದಲಿನ ಗುಂಗಿನಲ್ಲೇ ನಿಶ್ಚಿತಾರ್ಥದ ಹಾಲಿನ ಹೆಸರು ಹೇಳಿದಳು. ಡ್ರೈವರ್ ಮೀಟರು ಇಳಿಸಿದ. ಆಗ ಪ್ರಫುಲ್ಲಾ, "ನಹೀಂ ಭಯ್ಯಾ, ಅಸ್ಪತಾಲ್. ಜಲ್ದೀ," ಎಂದಳು.

ಟ್ಯಾಕ್ಸಿ ಹೋದ ಮೇಲೆ ರಾಚವ್ವ ಕೈ ತೊಳೆದುಕೊಂಡಳು. ಮತ್ತೆ ತೊಳೆದುಕೊಂಡಳು. ಬಣ್ಣ ಹೋಯಿತು. ಆದರೆ ಹುಡುಗಿಯ ಕಣ್ಣ ಕೆಳಗೆ ತಾನು ಒತ್ತಿದ ಕುಳಿ ಇಷ್ಟು ಹೊತ್ತಿಗಾದರೂ ತುಂಬಿತೋ ಇಲ್ಲವೋ ಎಂದು ಆ ಬೆರಳು ಕೇಳುತ್ತಲೇ ಇತ್ತು.